ಮೆಜೆಸ್ಟಿಕ್‌ನಿಂದಾಚೆಯ ಬೆಂಗಳೂರು

ರಾತ್ರಿ ಹೂವಿನಹಡಗಲಿಯಲ್ಲಿ ಹೊರಟು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳಲ್ಲಿ ಜನರನ್ನು ತುಂಬಿಕೊಂಡು ಬಂದ ಬಸ್ಸು ಬೆಳಗಿನ ಜಾವ ನೆಲಮಂಗಲ ದಾಟುತ್ತಿದ್ದಂತೆ ಒಳಗೆ ಗದ್ದಲ ಶುರುವಾಗುತ್ತದೆ. ತಲೆಗೆ ಸುತ್ತಿದ ಟವೆಲ್ಲು ಬಿಚ್ಚುವವರು, ಸೀಟಿನಡಿ ಚಪ್ಪಲಿ ತಡಕುವವರು, ತೊಡೆಯ ಮೇಲಿನ ಪ್ಲಾಸ್ಟಿಕ್ ಫೈಲು ಇದೆಯೋ ಇಲ್ಲವೋ ಎಂದು ಮತ್ತೊಮ್ಮೆ ಮುಟ್ಟಿ ನೋಡಿಕೊಳ್ಳುವ ಅಪ್ಪಂದಿರು. ಜೂನ್, ಜುಲೈ ತಿಂಗಳಲ್ಲಂತೂ ಬಸ್ಸಿನ ತುಂಬ ಈ ಫೈಲುಗಳೇ. ಒಳಗೆ ಮಗನದೋ ಮಗಳದೋ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ನಾಲ್ಕಾರು ಜೆರಾಕ್ಸು ಪ್ರತಿ.

ಜಾಲಹಳ್ಳಿ ಕ್ರಾಸಿನಲ್ಲಿ ಇಳಿಯುವವರು ನಾಲ್ಕೈದು ಮಂದಿ ಮಾತ್ರ. ಉಳಿದವರೆಲ್ಲ ಮೆಜೆಸ್ಟಿಕ್ಕಿನವರೇ. ಅವರ ನಡುವೆ ಕೊಟ್ಟೂರಿನ ನಿವೃತ್ತ ಮೇಷ್ಟರೊಬ್ಬರು ಚೀಲ ಹೆಗಲಿಗೇರಿಸಿ ಎದ್ದು ನಿಂತು ಪಕ್ಕದ ಸೀಟಿನವರಿಗೆ ಹೇಳುತ್ತಾರೆ: 'ಮೆಜೆಸ್ಟಿಕ್ಕಿಗೆ ಯಾಕ ಹೊಂಟೀರಿ? ಇಲ್ಲೇ ಇಳ್ಕೊಳ್ರಿ. ಊರು ಇಲ್ಲಿಂದನ ಶುರು.'

ಸಾಮಾನ್ಯವಾಗಿ ಯಾರೂ ಇಳಿಯುವುದಿಲ್ಲ. ಗೊತ್ತಿಲ್ಲದ ಊರಿನಲ್ಲಿ ಗೊತ್ತಿರುವ ಒಂದೇ ಹೆಸರನ್ನು ಬಿಟ್ಟುಕೊಡಲು ಯಾರಿಗೆ ಧೈರ್ಯ ಬಂದೀತು?

ಮೇಷ್ಟರ ಬೆಂಗಳೂರು ಯಾತ್ರೆ ನಗರ ಸಾರಿಗೆಗೆ ಬಿ.ಟಿ.ಎಸ್. ಎಂಬ ಹೆಸರಿದ್ದ ಕಾಲದ್ದು. 'ಬಿಟ್ರೆ ತಿರುಗಿ ಸಿಗೋಲ್ಲ' ಎಂದು ಜನ ಅದನ್ನು ಬಿಡಿಸಿ ಹೇಳುತ್ತಿದ್ದರು. 1997ರಲ್ಲಿ ಅದು ಬಿಎಂಟಿಸಿ ಆಯಿತು. ಮೇಷ್ಟರು ಮಾತ್ರ ಇಂದಿಗೂ ಬಿ.ಟಿ.ಎಸ್. ಎಂದೇ ಅನ್ನುವುದು. ಶಾಲೆಯ ಕೆಲಸ, ಪರೀಕ್ಷೆಗೆ ಬರುವ ಹುಡುಗರ ಕಾವಲು, ನೆಂಟರ ಆಸ್ಪತ್ರೆ ಚೀಟಿ, ಕೊನೆಗೆ ತಮ್ಮದೇ ಪಿಂಚಣಿ ಕಾಗದ, ಹೀಗೆ ಒಂದಲ್ಲ ಒಂದು ನೆಪದಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಬಂದಿದ್ದಾರೆ. ಬಂದಾಗಲೆಲ್ಲ ಕೆಲಸ ಮುಗಿದ ಮೇಲೆ ಅರ್ಧ ದಿನವನ್ನಾದರೂ ಊರು ನೋಡಲು ಇಟ್ಟುಕೊಳ್ಳುವುದು ಅವರ ಪದ್ಧತಿ. ತಮ್ಮ ಸೀಮೆಯ ತಂದೆ-ತಾಯಂದಿರ ಮೇಲೆ ಅವರ ದೂರು ಒಂದೇ: ಮಗುವನ್ನು ನಾಲ್ಕು ವರ್ಷ ಬಿಟ್ಟುಹೋಗಲು ಬರುತ್ತಾರೆ, ಬೆಳಿಗ್ಗೆ ಇಳಿದು ರಾತ್ರಿ ಬಸ್ಸು ಹಿಡಿಯುತ್ತಾರೆ. ನಡುವೆ ಕಂಡದ್ದು ಒಂದು ಕೌಂಟರು, ಒಂದು ಹೋಟೆಲು. ಮಗು ಇರಬೇಕಾದ ಊರು ಎಂಥದೆಂದು ಇಬ್ಬರಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ.

ಕಟ್ಟಿದವರು ನೋಡದ ಊರು

ಹಾಗೆಂದು ಈ ತಾಲ್ಲೂಕುಗಳಿಗೆ ಬೆಂಗಳೂರು ಅಪರಿಚಿತವೆಂದು ಹೇಳುವಂತಿಲ್ಲ. ಕೂಡ್ಲಿಗಿ, ಹರಪನಹಳ್ಳಿಗಳ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾ, ಜೋಳ, ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ ಎಷ್ಟೋ ತಾಂಡಾ, ಹಟ್ಟಿಗಳಲ್ಲಿ ಮುದುಕರಷ್ಟೇ ಉಳಿಯುತ್ತಾರೆ. ಉಳಿದವರು ಗುಳೆ. ಕೆಲವರು ಕಾಫಿ ತೋಟಗಳಿಗೆ, ಕೆಲವರು ಮಂಡ್ಯ ಕಡೆ ಕಬ್ಬು ಕಡಿಯಲು, ಬಹಳಷ್ಟು ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ತಗಡಿನ ಶೆಡ್ಡಿನಲ್ಲಿ ಮಲಗಿ, ಪಾಯ ತೋಡಿ, ಕಬ್ಬಿಣ ಕಟ್ಟಿ, ಗಾರೆ ಹೊತ್ತು ಮಳೆಗಾಲದ ಹೊತ್ತಿಗೆ ಊರಿಗೆ ಮರಳುವ ಇವರಿಗೆ ನಗರದ ಒಂದೊಂದು ಬಡಾವಣೆಯೂ ಗೊತ್ತು. ಗೊತ್ತಿರುವುದು ಮಾತ್ರ ಬೇರೆ ರೀತಿಯಲ್ಲಿ.

ಕೆಲವು ವರ್ಷಗಳ ಹಿಂದೆ ಮೇಷ್ಟರಿಗೆ ಬಸ್ಸಿನಲ್ಲಿ ಜೊತೆಯಾದವರು ಹರಪನಹಳ್ಳಿ ತಾಲ್ಲೂಕಿನ ಒಂದು ತಾಂಡಾದ ತಂದೆ-ಮಗಳು. ಹುಡುಗಿಗೆ ಬೆಂಗಳೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ತಂದೆ ಹತ್ತಾರು ಹಂಗಾಮು ಇಲ್ಲಿ ಗಾರೆ ಕೆಲಸ ಮಾಡಿದವರು. 'ನನಗ ಊರು ಗೊತ್ತೈತಿ ಬಿಡ್ರಿ' ಎಂದು ಅವರು ಮಗಳಿಗೆ ದಾರಿಯುದ್ದಕ್ಕೂ ತೋರಿಸುತ್ತ ಬಂದರು. ಈ ಕಟ್ಟಡದಲ್ಲಿ ಆರನೇ ಅಂತಸ್ತಿನವರೆಗೆ ಇದ್ದೆ, ಆ ಕಟ್ಟಡದಲ್ಲಿ ಕೂಲಿ ಬಾಕಿ ಉಳಿಸಿಕೊಂಡರು, ಇಲ್ಲಿ ನಿಮ್ಮವ್ವನಿಗೆ ಜ್ವರ ಬಂದಿತ್ತು. ಒಂದು ಗಾಜಿನ ಕಟ್ಟಡದ ಮುಂದೆ ನಿಂತು ಬೊಟ್ಟು ಮಾಡುತ್ತಿದ್ದಾಗ ಕಾವಲುಗಾರ ಬಂದು ಅತ್ತ ಸರಿಯಿರಿ ಎಂದ. ಇಷ್ಟು ವರ್ಷದಲ್ಲಿ ಲಾಲ್‌ಬಾಗ್ ನೋಡಿದ್ದೀರಾ ಎಂದು ಮೇಷ್ಟರು ಕೇಳಿದರೆ ಅವರು ನಕ್ಕರು. ರಜೆ ಎಂದರೆ ಕೂಲಿ ಇಲ್ಲದ ದಿನ. ಅಂಥ ದಿನ ಯಾರು ತೋಟ ನೋಡಲು ಹೋಗುತ್ತಾರೆ?

ಅಂದು ಹಾಸ್ಟೆಲಿನ ಕೆಲಸ ಹನ್ನೊಂದಕ್ಕೇ ಮುಗಿಯಿತು. ಮೇಷ್ಟರು ಇಬ್ಬರನ್ನೂ ಕರೆದೊಯ್ದದ್ದು ವಿಧಾನಸೌಧದ ಎದುರಿಗೆ. 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದ, ಕೆಂಗಲ್ ಹನುಮಂತಯ್ಯನವರ ಹಟದಿಂದ ಎದ್ದು 1956ರಲ್ಲಿ ಮುಗಿದ ಕಟ್ಟಡ. ಐದು ಸಾವಿರದಷ್ಟು ಕೂಲಿಗಳು ಅಲ್ಲಿ ದುಡಿದರು. ಅವರಲ್ಲಿ ಬಹಳ ಮಂದಿ ಜೈಲಿನ ಕೈದಿಗಳು. ಜೊತೆಗೆ ಸಾವಿರದೈನೂರರಷ್ಟು ಕಲ್ಲುಕುಟಿಗರು, ಬಡಗಿಗಳು. ಇದನ್ನು ಕೇಳಿದ ಮೇಲೆ ಹುಡುಗಿಯ ತಂದೆ ಗೋಪುರವನ್ನು ನೋಡಲಿಲ್ಲ, ಕಲ್ಲಿನ ಸಂದುಗಳನ್ನು ನೋಡಿದರು. ಬೇಲಿಯ ಹೊರಗೆ ಅರ್ಧ ಗಂಟೆ ನಿಂತು, ಇಂಥ ಕಲ್ಲನ್ನು ಅಷ್ಟು ಎತ್ತರಕ್ಕೆ ಏರಿಸಿದ್ದು ಹೇಗೆ, ಸಾರವೆ ಯಾವ ಮರದ್ದು ಎಂದೆಲ್ಲ ಮಗಳಿಗೆ ವಿವರಿಸಿದರು. ಮೇಷ್ಟರು ಆ ಹೊತ್ತು ಏನೂ ಮಾತನಾಡಲಿಲ್ಲವಂತೆ.

ಆಗ ಅವರು ಹೊರಗಿನಿಂದಲೇ ನೋಡಬೇಕಾಯಿತು. 2025ರ ಜೂನ್‌ನಿಂದ ಭಾನುವಾರಗಳಂದು, ಎರಡನೇ ಮತ್ತು ನಾಲ್ಕನೇ ಶನಿವಾರಗಳಂದು ಟಿಕೆಟ್ ಪಡೆದು ಮಾರ್ಗದರ್ಶಕರೊಡನೆ ವಿಧಾನಸೌಧದ ಒಳಗೆ ಹೋಗುವ ವ್ಯವಸ್ಥೆ ಬಂದಿದೆ. ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ಕೈಯಲ್ಲಿರಬೇಕು.

ಎಲ್ಲಿ ಇಳಿಯಬೇಕು?

ಮೇಷ್ಟರ ಮೊದಲ ಪಾಠ ಇಳಿಯುವುದರದ್ದು. ಕೂಡ್ಲಿಗಿ ಕಡೆಯವರು ಚಿತ್ರದುರ್ಗದ ಮೇಲೆ ಬರುತ್ತಾರೆ, ಹರಪನಹಳ್ಳಿಯವರು ಬಹುತೇಕ ದಾವಣಗೆರೆಯ ಮೇಲೆ. ಎಲ್ಲರೂ ನಗರವನ್ನು ಹೊಗುವುದು ತುಮಕೂರು ರಸ್ತೆಯಲ್ಲಿ. (ಬೆಂಗಳೂರಿನಲ್ಲಿ ಬಳ್ಳಾರಿ ರಸ್ತೆ ಎಂಬ ದೊಡ್ಡ ರಸ್ತೆಯೊಂದಿದೆ. ಅದು ಹೆಬ್ಬಾಳ, ದೇವನಹಳ್ಳಿಯ ಕಡೆಯದು. ಹೆಸರು ನಂಬಿ ಅಲ್ಲಿ ನಮ್ಮೂರ ಬಸ್ಸಿಗೆ ಕಾದವರುಂಟು!) ಈ ತುಮಕೂರು ರಸ್ತೆಯುದ್ದಕ್ಕೂ ಮೆಟ್ರೊದ ಹಸಿರು ಮಾರ್ಗ ತಲೆಯ ಮೇಲೆಯೇ ಸಾಗುತ್ತದೆ. 2024ರ ನವೆಂಬರಿನಲ್ಲಿ ಅದು ಮಾದಾವರದವರೆಗೂ ಬಂತು. ಹಗಲು ಹೊತ್ತು ಗೊರಗುಂಟೆಪಾಳ್ಯದಿಂದ ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಕುಳಿತು ಬೆವರುವುದಕ್ಕಿಂತ ಜಾಲಹಳ್ಳಿ ಇಲ್ಲವೆ ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೊ ಹತ್ತಿದರೆ ಊರಿನ ಆ ತುದಿಯವರೆಗೂ ನಿಶ್ಚಿಂತೆ. ಬೆಳಗಿನ ಐದರ ಸುಮಾರಿಗೆ ರೈಲು ಶುರು. ಭಾನುವಾರ ಮಾತ್ರ ತಡ.

ಅಮ್ಮ, ಮಗಳು ಬರುವವರಿಗೆ ಒಂದು ಮಾತು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಸಾಮಾನ್ಯ ಬಸ್ಸುಗಳಿಗೆ. ಊರಿನ ಬಸ್ಸಿಗೂ ಸರಿ, ಬಿಎಂಟಿಸಿಯ ಸಾಮಾನ್ಯ ಬಸ್ಸಿಗೂ ಸರಿ. ಐಷಾರಾಮಿ ಬಸ್ಸಿಗೂ ಮೆಟ್ರೊಗೂ ಅದು ಸಲ್ಲದು. ಅವಸರವಿಲ್ಲದಿದ್ದರೆ ಬಸ್ಸು, ಹೊತ್ತಾಗಿದ್ದರೆ ಮೆಟ್ರೊ ಎಂಬ ಲೆಕ್ಕ ಇಟ್ಟುಕೊಂಡರೆ ಸಾಕು.

ಮೆಜೆಸ್ಟಿಕ್ಕಿನ ಮೇಲೆ ಮೇಷ್ಟರಿಗೆ ದ್ವೇಷವೇನಿಲ್ಲ. ಆ ಹೆಸರು ಒಂದು ಸಿನಿಮಾ ಮಂದಿರದಿಂದ ಬಂದದ್ದು, ಇಂದು ಬಸ್ಸು ನಿಲ್ಲುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಎಂಬ ಕೆರೆ ಇತ್ತು ಎಂದು ಹುಡುಗರಿಗೆ ಹೇಳದೆ ಬಿಡುವವರಲ್ಲ. ನಿಲ್ದಾಣದ ಹತ್ತಿರವೇ ಗುಬ್ಬಿ ತೋಟದಪ್ಪನವರ ಛತ್ರವಿದೆ. ದೂರದ ಊರುಗಳಿಂದ ಬರುವ ಪ್ರಯಾಣಿಕರಿಗೆ, ವಿದ್ಯಾರ್ಥಿಗಳಿಗೆ ತಂಗುವ ಜಾಗವಿಲ್ಲವೆಂದು ಆ ವರ್ತಕರು ನೂರು ವರ್ಷಕ್ಕೂ ಹಿಂದೆ ಕಟ್ಟಿಸಿದ್ದು. ಬೆಂಗಳೂರಿನ ರೈಲು ನಿಲ್ದಾಣದ ಮುಂದೆ ಫೈಲು ಹಿಡಿದು ನಿಲ್ಲುವ ಹಳ್ಳಿಯ ಹುಡುಗ ಹೊಸಬನೇನಲ್ಲ ಎಂದಾಯಿತು.

ಆದರೆ ಮೆಜೆಸ್ಟಿಕ್ಕಿನಲ್ಲಿ ತಾನಾಗಿ ಬಂದು ಮಾತನಾಡಿಸುವವರ ಬಗ್ಗೆ ಎಚ್ಚರ ಬೇಕು. 'ರೂಂ ಬೇಕಾ ಸಾರ್' ಎನ್ನುವವರು ಅಷ್ಟೇನೂ ಅಪಾಯದವರಲ್ಲ. 'ಸೀಟು ಬೇಕಾ' ಎನ್ನುವವರು ಅಪಾಯದವರು. ಫೈಲು ಕಂಡರೆ ಸಾಕು, ಯಾವ ಕಾಲೇಜು, ಎಷ್ಟು ಮಾರ್ಕ್ಸು ಎಂದು ಶುರುವಾಗುತ್ತದೆ. ಸರ್ಕಾರಿ ಕೋಟಾದ ಸೀಟು ಸಿಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಂಚಿಕೆಯಲ್ಲಿ ಮಾತ್ರ, ಇನ್ಯಾರ ಜೇಬಿನಲ್ಲೂ ಅದು ಇರುವುದಿಲ್ಲ. ಮೂಲ ಅಂಕಪಟ್ಟಿಯನ್ನು ರಸೀದಿ ಇಲ್ಲದೆ ಯಾರ ಕೈಗೂ ಕೊಡಬಾರದು. ಈ ಒಂದು ವಿಷಯದಲ್ಲಿ ಮೇಷ್ಟರು ಬೈಯುವುದಕ್ಕೂ ಹಿಂಜರಿಯುವುದಿಲ್ಲ. ಒಬ್ಬ ತಂದೆ ಮಗನ ಮೂಲ ಕಾಗದವನ್ನು 'ನೋಡಿ ಕೊಡುತ್ತೇನೆ' ಎಂದವನಿಗೆ ಕೊಟ್ಟು ಮೂರು ದಿನ ಅಲೆದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಇನ್ನೊಂದು ಕಾಗದದ ಮಾತು. ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ತಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ಬೆಂಗಳೂರು ಸೇರಿದಂತೆ ರಾಜ್ಯದ ಉಳಿದೆಡೆ ಶೇಕಡಾ 8 ಮೀಸಲು ಇದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ತಾಲ್ಲೂಕುಗಳೊಂದಿಗೆ ವಿಜಯನಗರ ಜಿಲ್ಲೆ ಸೇರಿದ್ದರಿಂದ ಅಲ್ಲಿನ ಹಳೆಯ ಕಾಗದಗಳಲ್ಲಿ ಜಿಲ್ಲೆಯ ಹೆಸರು ಒಂದೊಂದರಲ್ಲಿ ಒಂದೊಂದು. ಊರಿನಲ್ಲಿರುವಾಗಲೇ ಎಲ್ಲವನ್ನೂ ಹೊಂದಿಸಿಕೊಂಡು ಬರುವುದು ಕ್ಷೇಮ. ಆಟೋದವನು ಯಾವೂರು ಎಂದರೆ 'ವಿಜಯನಗರ' ಎಂದು ಹೇಳಿಬಿಡಬೇಡಿ ಎಂಬುದು ಮೇಷ್ಟರ ತಮಾಷೆ. ಬೆಂಗಳೂರಿನಲ್ಲೂ ಒಂದು ವಿಜಯನಗರವಿದೆ, ನೇರ ಅಲ್ಲಿಗೇ ಬಿಟ್ಟಾನು.

ಮೇನು, ಕ್ರಾಸು

ಹಳ್ಳಿಯಿಂದ ಬಂದವರಿಗೆ ಬೆಂಗಳೂರು ಗೊಂದಲವಾಗಿ ಕಾಣುವುದು ವಿಳಾಸಗಳಿಂದ. 'ಹದಿನೆಂಟನೇ ಕ್ರಾಸು' ಎಂದರೆ ಊರೆಂದೋ ರಸ್ತೆಯೆಂದೋ ತಿಳಿಯದು. ಇದನ್ನು ಕಲಿಸಲು ಮೇಷ್ಟರು ಹುಡುಗರನ್ನು ಮಲ್ಲೇಶ್ವರಕ್ಕೆ ಒಯ್ಯುತ್ತಾರೆ. ಮೆಜೆಸ್ಟಿಕ್ಕಿಗಿಂತ ಒಂದು ನಿಲ್ದಾಣ ಮೊದಲೇ, ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಇಳಿದರೆ ಸಾಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, 1898ರ ಪ್ಲೇಗಿನ ಸುಮಾರಿಗೆ, ಇಕ್ಕಟ್ಟಿನ ಪೇಟೆಯಿಂದ ಜನ ಗಾಳಿ ಬೆಳಕಿಗೆ ಹೋಗಲೆಂದು ಎದ್ದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ಅಲ್ಲಿ ಉದ್ದಕ್ಕೆ ಹೋಗುವುದು ಮೇನು, ಅಡ್ಡಕ್ಕೆ ಹೋಗುವುದು ಕ್ರಾಸು. ನೇಗಿಲ ಸಾಲು ಮತ್ತು ಅಡ್ಡ ಹರಗಿದ ಸಾಲು ಇದ್ದ ಹಾಗೆ! ಸಂಪಿಗೆ ರಸ್ತೆ ಹಿಡಿದು ಎಂಟನೇ ಕ್ರಾಸಿನ ಸಂತೆಯಂಥ ಅಂಗಡಿ ಸಾಲು ದಾಟಿ ಹದಿನೆಂಟರವರೆಗೆ ಎಣಿಸುತ್ತ ನಡೆದ ಹುಡುಗ ಮುಂದೆ ಯಾವ ಬಡಾವಣೆಯಲ್ಲೂ ಕಳೆದುಹೋಗುವುದಿಲ್ಲ.

ಆ ಹದಿನೆಂಟನೇ ಕ್ರಾಸಿನಲ್ಲೇ ಪರೀಕ್ಷಾ ಪ್ರಾಧಿಕಾರದ ಕಚೇರಿ ಇರುವುದು. 1994ರಲ್ಲಿ ಸಿಇಟಿ ಶುರುವಾದ ಮೇಲೆ ಎಷ್ಟೋ ವರ್ಷ ಕೌನ್ಸೆಲಿಂಗ್ ಎಂದರೆ ಕುಟುಂಬವೇ ಬುತ್ತಿ ಕಟ್ಟಿಕೊಂಡು ಬಂದು ಸರದಿಗೆ ಕಾಯುವ ವ್ಯವಹಾರವಾಗಿತ್ತು. ಈಗ ಆಯ್ಕೆಯೂ ಹಂಚಿಕೆಯೂ ಕಂಪ್ಯೂಟರಿನಲ್ಲೇ ನಡೆಯುವುದರಿಂದ ಅದಕ್ಕಾಗಿ ಬರಬೇಕಾಗಿಲ್ಲ. ಇದರಿಂದ ಖರ್ಚು ಉಳಿಯಿತು, ನಿಜ. ಆದರೆ ಕಾಲೇಜನ್ನು ಕಣ್ಣಲ್ಲಿ ನೋಡದೆಯೇ ಪಟ್ಟಿಯಲ್ಲಿ ಬರೆದುಬಿಡುವ ಹುಡುಗರೂ ಹೆಚ್ಚಾದರು. ಆಯ್ಕೆ ತುಂಬುವ ಮೊದಲೇ ಒಮ್ಮೆ ಬಂದು ಹೋಗಿ ಎಂದು ಮೇಷ್ಟರು ಹೇಳುವುದು ಅದಕ್ಕಾಗಿ.

ಬಸ್ಸಿನ ನಂಬರುಗಳಿಗೂ ಒಂದು ಕ್ರಮವಿದೆ. 500 ಡಿ ಮೊದಲಾದ ಐನೂರರ ಸರಣಿಯವು ಹೊರವರ್ತುಲ ರಸ್ತೆಯಲ್ಲಿ ಸುತ್ತುವಂಥವು, ಮೆಜೆಸ್ಟಿಕ್ಕಿಗೆ ಬರುವುದೇ ಇಲ್ಲ. 335 ಇ ಹತ್ತಿದರೆ ಕಾಡುಗೋಡಿಯ ಕಡೆ. ಹೊಸಬರು ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿದರೆ ಮರ್ಯಾದೆಯೇನೂ ಹೋಗುವುದಿಲ್ಲ. ಕನ್ನಡದಲ್ಲೇ ಕೇಳಿ.

ಹೂವು, ಬಂಡೆ, ಕಡಲೇಕಾಯಿ

ಐದು ಗಂಟೆಗೆ ಇಳಿದರೆ ಹತ್ತರವರೆಗೆ ಯಾವ ಕಚೇರಿಯೂ ತೆರೆಯುವುದಿಲ್ಲ. ಆ ಐದು ತಾಸನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆಯುವುದು ಮೇಷ್ಟರ ದೃಷ್ಟಿಯಲ್ಲಿ ಮಹಾಪರಾಧ. ಅವರು ಹೋಗುವುದು ಕೆ.ಆರ್. ಮಾರುಕಟ್ಟೆಗೆ. ಮೆಜೆಸ್ಟಿಕ್ ದಾಟಿ ಎರಡನೇ ನಿಲ್ದಾಣ. ಹೊತ್ತು ಮೂಡುವ ಮುನ್ನ ಅಲ್ಲಿನ ಹೂವಿನ ವ್ಯಾಪಾರ ನೋಡಬೇಕು. ಗುಡ್ಡೆ ಗುಡ್ಡೆ ಸೇವಂತಿಗೆ, ಚೆಂಡುಹೂವು, ಕನಕಾಂಬರ, ಕಾಕಡ; ಮೊಳದ ಮಾತಿಲ್ಲ, ಎಲ್ಲ ಕಿಲೋ ಲೆಕ್ಕ. ವಿಜಯನಗರದ ಅರಸರಿಗೆ ತುಂಗಭದ್ರೆಯಲ್ಲಿ ಹಡಗಿನ ಮೇಲೆ ಹೂವು ಹೋಗುತ್ತಿದ್ದುದರಿಂದ ಹೂವಿನಹಡಗಲಿ ಎಂದು ಹೆಸರಾಯಿತೆಂಬ ಪ್ರತೀತಿಯ ಊರಿನವರು, ಭೌಗೋಳಿಕ ಗುರುತು ಪಡೆದ ಹಡಗಲಿ ಮಲ್ಲಿಗೆಯ ವಾಸನೆ ಬಲ್ಲವರು, ಇಲ್ಲಿ ಮೂಗಿನಿಂದಲೇ ಬೆಲೆ ಕಟ್ಟಬಲ್ಲರು. ಕೆಸರು ಇರುತ್ತದೆ, ಚಪ್ಪಲಿ ಜೋಪಾನ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ ತಂದ ವಿದ್ಯುತ್ತಿನಲ್ಲಿ ಎಂಬುದನ್ನು ಮೇಷ್ಟರು ಅಲ್ಲೇ ನಿಂತು ಹೇಳುತ್ತಾರೆ. 1902ರಲ್ಲಿ ಅದೇ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ.

ಅಲ್ಲಿಂದ ಮತ್ತೆರಡು ನಿಲ್ದಾಣ ಮುಂದೆ ಲಾಲ್‌ಬಾಗ್. ಬೆಳಗಿನ ನಡಿಗೆಯ ಹೊತ್ತಿನಲ್ಲಿ ಟಿಕೆಟ್ ಇಲ್ಲ. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ, 1889ರ ಗಾಜಿನ ಮನೆ, ಹಳೆಯ ಮರಗಳು, ಇವೆಲ್ಲ ಸರಿಯೇ. ಆದರೆ ಅಲ್ಲಿ ತಪ್ಪದೆ ಹತ್ತಬೇಕಾದದ್ದು ಬಂಡೆ. ಬಯಲುಸೀಮೆಯ ಹುಡುಗರಿಗೆ ಬಂಡೆಯೇನು ವಿಶೇಷ ಎನಿಸಬಹುದು. ಕೂಡ್ಲಿಗಿಯಿಂದ ಗುಡೇಕೋಟೆಯವರೆಗೂ ಬಂಡೆಯೇ, ಕರಡಿಯೂ ಬಂಡೆಯಲ್ಲೇ ಇರುವುದು. ಲಾಲ್‌ಬಾಗಿನ ಬಂಡೆಯ ಬಳಿ ನಿಲ್ಲಿಸಿರುವ ಭೂವೈಜ್ಞಾನಿಕ ಸರ್ವೇಕ್ಷಣೆಯ ಫಲಕ ಓದಿದರೆ ಅದರ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷವೆಂದು ತಿಳಿಯುತ್ತದೆ. ಅದೊಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ವಿಜಯನಗರದ ಅರಸರ ಸಾಮಂತರಾಗಿದ್ದ ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರು ಇಷ್ಟೇ ಆಗುತ್ತದೆ ಎಂದು ಗುರುತು ಹಾಕಿದಂತೆ ನಾಲ್ಕು ದಿಕ್ಕಿಗೆ ನಾಲ್ಕು ಗೋಪುರ ನಿಂತಿವೆ. ಬಂಡೆಯ ಮೇಲೆ ನಿಂತು ಸುತ್ತ ನೋಡಿದರೆ ಆ ಗಡಿ ಎಂದೋ ಮುಳುಗಿಹೋಗಿದೆ. 2011ರ ಜನಗಣತಿಯಲ್ಲೇ ಈ ನಗರದ ಜನ 84 ಲಕ್ಷ.

ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ಬಂದು ಮಧ್ಯಾಹ್ನದವರೆಗೆ ಕಾಯಬೇಕಾದವರೂ ಲಾಲ್‌ಬಾಗಿಗೆ ಬಂದು ಕೂಡಬಹುದು. ದೂರವೇನಿಲ್ಲ.

ಬಸವನಗುಡಿಯ ದೊಡ್ಡ ಬಸವಣ್ಣನನ್ನು ನೋಡಲು ಯಾವಾಗ ಬೇಕಾದರೂ ಹೋಗಬಹುದಾದರೂ ಕಾರ್ತಿಕ ಮಾಸದ ಕೊನೆಯ ಸೋಮವಾರ ಹೋದರೆ ಅದರ ಸೊಗಸೇ ಬೇರೆ. ಆಗ ಕಡಲೇಕಾಯಿ ಪರಿಷೆ. ಕೊಟ್ಟೂರಿನಲ್ಲಿ ಶೇಂಗಾ ಎನ್ನುವುದನ್ನು ಇಲ್ಲಿ ಕಡಲೇಕಾಯಿ ಎನ್ನುತ್ತಾರೆ, ಮಂಡಕ್ಕಿಯನ್ನು ಪುರಿ ಎನ್ನುತ್ತಾರೆ; ಹಾಸ್ಟೆಲು ಸೇರುವವರು ಮೊದಲು ಈ ಎರಡು ಶಬ್ದ ಕಲಿತರೆ ಹೊಟ್ಟೆಗೆ ತೊಂದರೆಯಿಲ್ಲ. ಸುತ್ತಲಿನ ಹಳ್ಳಿಗಳ ಹೊಲದಲ್ಲಿ ಕಾಯಿ ಮೇಯುತ್ತಿದ್ದ ಬಸವನಿಗೆ ರೈತರು ಮೊದಲ ಬೆಳೆ ಒಪ್ಪಿಸಿದ ಕತೆ ಪರಿಷೆಯ ಮೂಲ. ಹೊಲಗಳು ಹೋಗಿ ಕಾಲವಾಯಿತು, ರಾಶಿ ಮಾತ್ರ ಇಂದಿಗೂ ಬಂದು ಬೀಳುತ್ತದೆ. ರೈತರ ಮಕ್ಕಳು ನವೆಂಬರ್ ಹೊತ್ತಿಗೆ ಬರುವುದಾದರೆ ಜಿಕೆವಿಕೆಯ ಕೃಷಿಮೇಳವನ್ನೂ ಅದೇ ಪ್ರಯಾಣದಲ್ಲಿ ಹೊಂದಿಸಿಕೊಳ್ಳಲು ಆದೀತು. ಹೊಸ ತಳಿ, ಹೊಸ ಯಂತ್ರಗಳ ಮುಂದೆ ಅಪ್ಪನಿಗೆ ಕೆಲಸ, ಕೃಷಿ ವಿಜ್ಞಾನ ಓದುವುದೆಂದರೇನು ಎಂದು ಮಗನಿಗೆ ತಿಳುವಳಿಕೆ.

ಓದುವ ಮಕ್ಕಳಿಗೆ

ಒಂದು ಪೂರ್ತಿ ದಿನ ಸಿಕ್ಕರೆ ಮೇಷ್ಟರು ಕಬ್ಬನ್ ಪಾರ್ಕಿನ ಸುತ್ತಲೇ ಅದನ್ನು ಕಳೆಯುತ್ತಾರೆ. ನೇರಳೆ ಮಾರ್ಗದ ಮೂರು ನಿಲ್ದಾಣಗಳಲ್ಲಿ ಎಲ್ಲವೂ ಅಡಗಿದೆ. ಸೆಂಟ್ರಲ್ ಕಾಲೇಜಿನಲ್ಲಿ ಇಳಿದರೆ ಕೆ.ಆರ್. ವೃತ್ತದಲ್ಲಿ ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ ಎಂಜಿನಿಯರಿಂಗ್ ಕಾಲೇಜು. ಪಾರ್ಕಿನೊಳಗೆ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ. ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರ ಮೌನ ನೋಡಲಿಕ್ಕಾದರೂ ಒಳಗೆ ಕಾಲಿಡಬೇಕು.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದಲ್ಲಿ ಅವಸರ ಪಡುವಂತಿಲ್ಲ. ಹೊರಗೆ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ಮರುತ್ ಯುದ್ಧವಿಮಾನ, ಒಳಗೆ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ. ಗುಂಡಿ ಒತ್ತಿದರೆ ಚಕ್ರ ತಿರುಗುತ್ತದೆ, ಸನ್ನೆ ಎಳೆದರೆ ಭಾರ ಏಳುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಸುಮ್ಮನೆ ಕೂತಿದ್ದ ರಾಟೆ ಇಲ್ಲಿ ಕೈಗೆ ಸಿಗುತ್ತದೆ. ಪ್ರಯೋಗಾಲಯದ ಬಾಗಿಲು ವರ್ಷಕ್ಕೆರಡು ಸಲ ತೆರೆಯುವ ಶಾಲೆಗಳಿಂದ ಬಂದ ಮಕ್ಕಳು ಇಲ್ಲಿಂದ ಹೊರಡಲು ಒಪ್ಪುವುದಿಲ್ಲ. ಕರೆತಂದ ದೊಡ್ಡವರು ಬಾಗಿಲಲ್ಲಿ ಕೂತು ತೂಕಡಿಸುವುದು ಬಿಟ್ಟು ಜೊತೆಗೆ ಒಳಗೆ ಹೋದರೆ, ಬಾವಿಯ ಗಡಗಡಿ, ಗಾಡಿಯ ಕೀಲು ಬಲ್ಲ ಅವರೇ ಮಕ್ಕಳಿಗೆ ಅರ್ಧ ಪಾಠ ಹೇಳಬಲ್ಲರು.

1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಕನ್ನಡದ ಪ್ರದರ್ಶನಗಳೂ ಇವೆ, ಸಮಯ ವಿಚಾರಿಸಿ ಹೋದರಾಯಿತು. ಬೀದಿದೀಪ ಕಡಿಮೆ ಇರುವ ತಾಂಡಾಗಳ ಮಕ್ಕಳಿಗೆ ಆಕಾಶ ಹೊಸದಲ್ಲ. ನೋಡಿದ ಚುಕ್ಕಿಗಳ ಹೆಸರು ಅಲ್ಲಿ ಗೊತ್ತಾಗುತ್ತದೆ. ಸೋಮವಾರ ಮಾತ್ರ ಹೋಗಬೇಡಿ, ರಜೆ.

ಇನ್ನು ಭಾರತೀಯ ವಿಜ್ಞಾನ ಸಂಸ್ಥೆ. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಮೈಸೂರು ಸಂಸ್ಥಾನ ಕೊಟ್ಟ ಜಮೀನು 371 ಎಕರೆ. (ನಮ್ಮ ವಿಧಿಯ ಸಂಖ್ಯೆಯೂ ಅದೇ ನೋಡ್ರಿ ಎನ್ನುವುದು ಮೇಷ್ಟರ ಕಾಕತಾಳೀಯ ಜೋಕು.) ಉಳಿದ ದಿನ ಗೇಟಿನ ಹೊರಗಿಂದ ನೋಡುವ ಆವರಣ ವರ್ಷಕ್ಕೊಂದು ದಿನ, ಫೆಬ್ರವರಿ ಇಲ್ಲವೆ ಮಾರ್ಚ್ ತಿಂಗಳಲ್ಲಿ, ಸಾರ್ವಜನಿಕರಿಗೆ ತೆರೆದಿರುತ್ತದೆ. ಅಂದು ವಿಜ್ಞಾನಿಗಳೂ ಸಂಶೋಧನಾ ವಿದ್ಯಾರ್ಥಿಗಳೂ ತಮ್ಮ ಪ್ರಯೋಗಾಲಯದ ಮುಂದೆ ನಿಂತು ಯಾರು ಕೇಳಿದರೂ ವಿವರಿಸುತ್ತಾರೆ. ದ್ರವ ಸಾರಜನಕದಲ್ಲಿ ಅದ್ದಿದ ಹೂವು ಗಾಜಿನಂತೆ ಪುಡಿಯಾಗುವುದನ್ನು ನೋಡಿದ ಹುಡುಗಿ ಊರಿಗೆ ಬಂದು ಎಂಟು ದಿನ ಅದನ್ನೇ ಹೇಳುತ್ತಿದ್ದಳಂತೆ. ಪತ್ರಿಕೆಯಲ್ಲಿ ದಿನಾಂಕ ಬಂದ ಕೂಡಲೇ ಬರೆದಿಟ್ಟುಕೊಳ್ಳಬೇಕು. ಅದೊಂದು ದಿನಕ್ಕಾಗಿ ಮುನ್ನೂರು ಕಿಲೋಮೀಟರ್ ಬಂದರೂ ನಷ್ಟವಿಲ್ಲ.

ಪುಸ್ತಕಕ್ಕೆ ಅವೆನ್ಯೂ ರಸ್ತೆ. ಹಳೆಯ ಪಠ್ಯಪುಸ್ತಕಗಳು ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ, ಚೌಕಾಸಿ ಮಾಡಲು ಸಂತೆಯ ಅನುಭವ ಬೇಕು. ಕೊಳ್ಳುವ ಮೊದಲು ಮುದ್ರಣದ ವರ್ಷ ನೋಡಿ. ಪಠ್ಯಕ್ರಮ ಬದಲಾಗಿದ್ದರೆ ಅಗ್ಗದ್ದೇ ತುಟ್ಟಿ. ಅದೇ ರಾಶಿಯಲ್ಲಿ ಬೀಚಿಯವರ ಹಳೆಯ ಪ್ರತಿಯೊಂದು ಸಿಕ್ಕರೆ ಮೇಷ್ಟರು ಬಿಡುವುದಿಲ್ಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿ ನಾಡನ್ನೆಲ್ಲ ನಗಿಸಿದ ಬೀಚಿಯನ್ನೂ, ಕೊಟ್ಟೂರಿನ ಕುಂ. ವೀರಭದ್ರಪ್ಪನವರನ್ನೂ ಬೆಂಗಳೂರಿನ ಹುಡುಗರು ಓದುತ್ತಾರೆ ಎಂಬುದನ್ನು ಊರಿನ ಹುಡುಗರು ಅಲ್ಲಿ ಕಣ್ಣಾರೆ ನೋಡಲಿ ಎಂಬುದು ಅವರ ಆಸೆ.

ರಾತ್ರಿ ಉಳಿಯುವುದಾದರೆ ನಾಟಕ. ಹೂವಿನಹಡಗಲಿಯ ರಂಗಭಾರತಿಯ ನಾಟಕ, ಜಾತ್ರೆಯ ಕಂಪನಿ ನಾಟಕಗಳನ್ನು ನೋಡಿ ಬೆಳೆದ ಸೀಮೆಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಹತ್ತಿರ, ಜೆ.ಪಿ. ನಗರದ ರಂಗಶಂಕರ ದೂರ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ, ಊರಿನ ನಾಟಕದಂತೆ ಹತ್ತಕ್ಕೆ ಹೋದರಾಯಿತು ಎಂದುಕೊಂಡವರು ಮೆಟ್ಟಿಲ ಮೇಲೆ ಕೂರಬೇಕಾದೀತು.

ಊಟದ್ದು ದೊಡ್ಡ ಮಾತಲ್ಲ. ಗಾಂಧಿನಗರದ ಸುತ್ತ ಜೋಳದ ರೊಟ್ಟಿಯ ಖಾನಾವಳಿಗಳುಂಟು. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನು ಕಂಡರೆ ಅಲ್ಲೇ ತಿಂಡಿ ಮುಗಿಸುವುದು ಮೇಷ್ಟರ ರೂಢಿ.

ಮುಂಗಡ ಕೊಡುವ ಮುನ್ನ

ಮಗುವನ್ನು ಬಿಟ್ಟುಹೋಗಲು ಬಂದವರಿಗೆ ಕೊನೆಯ ಪಾಠವೊಂದಿದೆ. ಪಿ.ಜಿ. ಅಥವಾ ಬಾಡಿಗೆ ಕೋಣೆಯನ್ನು ಮಧ್ಯಾಹ್ನದ ಹೊತ್ತು ನೋಡಿ, 'ಕಾಲೇಜು ಹತ್ತೇ ನಿಮಿಷ' ಎಂಬ ಮಾಲೀಕರ ಮಾತು ಕೇಳಿ ಮುಂಗಡ ಕೊಟ್ಟುಬಿಡಬಾರದು. ಮರುದಿನ ಬೆಳಿಗ್ಗೆ ಎಂಟೂವರೆಗೆ ಆ ಬಾಗಿಲಿನಿಂದ ಕಾಲೇಜಿನ ಬಾಗಿಲಿನವರೆಗೆ, ಮಗು ದಿನಾ ಹೋಗಬೇಕಾದ ಬಸ್ಸಿನಲ್ಲೇ, ಮಗುವಿನ ಜೊತೆ ಹೋಗಿ ನೋಡಬೇಕು. ಹತ್ತು ನಿಮಿಷದ್ದು ಒಂದು ಗಂಟೆಯಾದರೆ ಬೇರೆ ಕೋಣೆ ಹುಡುಕುವುದೇ ವಾಸಿ. ಸಂಜೆ ಏಳರ ಮೇಲೆ ಅದೇ ದಾರಿಯಲ್ಲಿ ಮರಳಿ ನಡೆದು ಬೀದಿಯ ಬೆಳಕು, ಅಂಗಡಿ, ಜನಸಂಚಾರ ನೋಡಿಕೊಳ್ಳಬೇಕು. ಎರಡನೇ ಸಲ ಹೋಗುವಾಗ ದೊಡ್ಡವರು ಹಿಂದೆ ನಡೆಯಲಿ, ಮಗು ಮುಂದೆ ನಡೆಯಲಿ. ಎಲ್ಲಿ ತಿರುಗಬೇಕು, ಎಷ್ಟನೇ ಕ್ರಾಸು ಎಂದು ಹೇಳಿಕೊಡಬಾರದು.

ಆ ತಾಂಡಾದ ಹುಡುಗಿಯ ತಂದೆ ಹೀಗೇ ಮಾಡಿದರು. ಹಾಸ್ಟೆಲಿನಿಂದ ಕಾಲೇಜಿಗೆ ಹೋಗುವಾಗ ಮಗಳು ಒಂದು ಕಡೆ ತಪ್ಪು ತಿರುಗಿದಳು. ತಂದೆ ಬಾಯಿ ಬಿಡಲಿಲ್ಲ. ಎರಡು ಬೀದಿ ಸುತ್ತಿ, ಒಬ್ಬ ಹೂವಾಡಗಿತ್ತಿಯನ್ನು ಕೇಳಿ, ಅವಳೇ ದಾರಿ ಹಿಡಿದಳು. ಮುಂದಿನ ವರ್ಷ ತಮ್ಮನಿಗೆ ಬೆಂಗಳೂರು ತೋರಿಸಿದ್ದು ಅವಳಂತೆ, ಲಾಲ್‌ಬಾಗಿನ ಬಂಡೆಯಿಂದ ಶುರುಮಾಡಿ. ತಂದೆಯೂ ಆಗ ಜೊತೆಗಿದ್ದರು.

ಊರಿಗೆ ಮರಳುವಾಗ ಮಾತ್ರ ಮೇಷ್ಟರು ಮೆಜೆಸ್ಟಿಕ್ಕಿಗೇ ಹೋಗಿ ಬಸ್ಸು ಹತ್ತುತ್ತಾರೆ. ನಡುದಾರಿಯಲ್ಲಿ ಕೈಮಾಡಿದರೆ ಸೀಟು ಸಿಗುವ ಭರವಸೆಯಿಲ್ಲ, ಹಬ್ಬದ ಹಿಂದಿನ ದಿನವಾದರೆ ಮುಂಗಡ ಟಿಕೆಟ್ಟೇ ಬೇಕು. ಹರಪನಹಳ್ಳಿಯವರಿಗೆ ದಾವಣಗೆರೆಯವರೆಗೆ ರೈಲಿನ ಅನುಕೂಲವೂ ಉಂಟು. ಕೂಡ್ಲಿಗಿಯಲ್ಲಿ ಇಳಿಯುವವರು ಹತ್ತುವಾಗಲೇ ಕಂಡಕ್ಟರಿಗೆ ಹೇಳಿಡುವುದು ಒಳ್ಳೆಯದು. ಹೊಸಪೇಟೆಯ ಕಡೆಗೆ ಓಡುವ ಕೆಲವು ಬಸ್ಸುಗಳು ಊರೊಳಗೆ ಬಾರದೆ ಹೆದ್ದಾರಿಯ ಅಂಚಿನಲ್ಲೇ ಇಳಿಸಿ ಹೋಗುತ್ತವೆ. ಬೆಳಗಿನ ನಾಲ್ಕು ಗಂಟೆಗೆ ಅಲ್ಲಿ ಒಂದು ಚಹಾದ ಅಂಗಡಿ ತೆರೆದಿದ್ದರೆ ಅದೃಷ್ಟ.